ಅಳಿಯನಾಗುವವರ ಅಮೆರಿಕದ ಡಿವೋರ್ಸ್: ಕೌಂಟಿಯಿಂದ ದಾಖಲೆ ತರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಇದು ಎರಡನೇ ಮದುವೆ. ಮೊದಲ ಮದುವೆ ಬೆಂಗಳೂರಿನಲ್ಲಿ ಆಗಿತ್ತು. ಆಮೇಲೆ ಗಂಡ ಹೆಂಡತಿ ಇಬ್ಬರೂ ಅಮೆರಿಕದಲ್ಲಿದ್ದರು, ಮೊದಲು ನ್ಯೂಜೆರ್ಸಿ, ನಂತರ ಡಲ್ಲಾಸ್. 2019ರಲ್ಲಿ ಅಲ್ಲೇ ಡಿವೋರ್ಸ್ ಆಯಿತು ಅಂತಾರೆ. ಕಾಗದ ಕೇಳಿದ್ದಕ್ಕೆ ವಾಟ್ಸ್ಯಾಪ್‌ನಲ್ಲಿ ಒಂದು ಪುಟದ ಫೋಟೊ ಕಳಿಸಿದ್ದಾರೆ. ಒಳ್ಳೆಯ ಮನೆತನ, ಅನುಮಾನ ಪಡಲೂ ಸಂಕೋಚ. ಅಲ್ಲಿನ ಕೋರ್ಟಿನಿಂದ ನಾವೇ ದಾಖಲೆ ತರಿಸಬಹುದೇ? ಯಾರನ್ನು, ಹೇಗೆ ಕೇಳಬೇಕು?
— ಶಿವಮೊಗ್ಗದ ಓದುಗರು

ಉತ್ತರ: ತರಿಸಬಹುದು. ಡಿವೋರ್ಸ್ ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯದಲ್ಲೇ ಆಗಿದ್ದರೆ ಹುಡುಗನ ಸಹಿಯಾಗಲಿ ಒಪ್ಪಿಗೆಯಾಗಲಿ ನಿಮಗೆ ಬೇಕಿಲ್ಲ. ಅಲ್ಲಿ ವಿಚ್ಛೇದನದ ತೀರ್ಪು ಸಾರ್ವಜನಿಕ ದಾಖಲೆ. ನ್ಯಾಯಾಲಯ ಮುಚ್ಚಿಡಲು ಆದೇಶಿಸಿದ ಅಪರೂಪದ ಕಡತ ಬಿಟ್ಟರೆ, ಶುಲ್ಕ ಕಟ್ಟಿದವರಿಗೆ ಪ್ರತಿ ಕೊಡುತ್ತಾರೆ. ನಮ್ಮಲ್ಲಿ ಹಾಗಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಗಂಡ ಹೆಂಡತಿಯ ವ್ಯಾಜ್ಯವನ್ನು ಬಾಗಿಲು ಮುಚ್ಚಿ ನಡೆಸಬೇಕು, ಪ್ರಕಟಿಸುವಂತಿಲ್ಲ. ಆ ಅಭ್ಯಾಸದಿಂದಲೇ ಇರಬೇಕು, ಅಮೆರಿಕದ ಕಾಗದ ಕೇಳುವುದೆಂದರೆ ಇನ್ನೊಬ್ಬರ ಮನೆಯ ಬೀರು ತೆಗೆದಂತೆ ಎಂದು ನಮ್ಮವರು ಹಿಂಜರಿಯುತ್ತಾರೆ. ಟೆಕ್ಸಾಸ್‌ನಲ್ಲಿ ಕೋರ್ಟಿನ ಕಡತ ನೋಡಿಕೊಳ್ಳುವ ಕ್ಲರ್ಕಿಗೆ ಅದು ದಿನನಿತ್ಯದ ಕೆಲಸ.

ಆದರೆ ಕಾಗದ ಕೈಗೆ ಬಂದಾಕ್ಷಣ ನಿಮ್ಮ ಚಿಂತೆ ಮುಗಿಯುವುದಿಲ್ಲ. ಮೊದಲ ಮದುವೆ ಬೆಂಗಳೂರಿನಲ್ಲಿ ಆದದ್ದರಿಂದ, ಅಮೆರಿಕದಲ್ಲಿ ಸಂಪೂರ್ಣ ಸರಿಯಾಗಿರುವ ತೀರ್ಪೂ ನಮ್ಮ ಕೋರ್ಟಿನಲ್ಲಿ ನಿಲ್ಲದೇ ಹೋಗಬಹುದು. ಹಾಗಾಗಿ ತರಿಸುವ ದಾರಿಯ ಜೊತೆಗೆ, ಬಂದದ್ದರಲ್ಲಿ ಏನು ಓದಬೇಕು ಎನ್ನುವುದನ್ನೂ ಬರೆಯುತ್ತೇನೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ.

ಮೊದಲು ಆ ಫೋಟೊ. ಅದರ ತಲೆಬರಹ ನೋಡಿ. ‘ಒರಿಜಿನಲ್ ಪಿಟಿಷನ್ ಫಾರ್ ಡಿವೋರ್ಸ್’ ಎಂದಿದ್ದರೆ ಅದು ಬರೀ ಅರ್ಜಿ. ಡಿವೋರ್ಸ್ ಕೇಳಿದ್ದಾರೆ, ಸಿಕ್ಕಿದೆ ಎಂದಲ್ಲ. ‘ಫೈನಲ್ ಡಿಕ್ರಿ ಆಫ್ ಡಿವೋರ್ಸ್’ ಎಂದಿದ್ದರೆ ಅದು ತೀರ್ಪು. ಆದರೆ ಟೆಕ್ಸಾಸ್‌ನ ಡಿಕ್ರಿ ಒಂದು ಪುಟದಲ್ಲಿ ಮುಗಿಯುವಂಥದ್ದಲ್ಲ. ಆಸ್ತಿ, ಸಾಲ, ಮಕ್ಕಳು ಎಲ್ಲ ಬರುವುದರಿಂದ ಹತ್ತಾರು ಪುಟ ಓಡುತ್ತದೆ, ನ್ಯಾಯಾಧೀಶರ ಸಹಿ ಇರುವುದು ಕೊನೆಯಲ್ಲಿ. ನಿಮಗೆ ಬಂದದ್ದು ಮೊದಲ ಪುಟವಷ್ಟೇ ಆಗಿದ್ದರೆ ಸಹಿ ಆಗಿದೆಯೋ ಇಲ್ಲವೋ ಅದರಿಂದ ತಿಳಿಯದು. ಹಾಗಿದ್ದರೂ ಆ ಪುಟದ ಬೆಲೆ ದೊಡ್ಡದು, ಏಕೆಂದರೆ ಮೇಲ್ಭಾಗದಲ್ಲಿ ಕೇಸ್ ನಂಬರ್ ಇರುತ್ತದೆ. ಟೆಕ್ಸಾಸ್‌ನಲ್ಲಿ ಅದನ್ನು ‘ಕಾಸ್ ನಂಬರ್’ ಎನ್ನುತ್ತಾರೆ. ಡಲ್ಲಾಸ್ ಕೌಂಟಿಯದಾದರೆ (ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯಿದ್ದಂತೆ) ‘ಡಿಎಫ್’ ಎಂಬ ಅಕ್ಷರಗಳಿಂದ ಶುರುವಾಗಿ ವರ್ಷದ ಎರಡು ಅಂಕಿ ಬರುತ್ತದೆ. ಪಕ್ಕದ ಕಾಲಿನ್ ಕೌಂಟಿಯದಾದರೆ ಮೊದಲು ಕೋರ್ಟಿನ ಸಂಖ್ಯೆ, ಕೊನೆಗೆ ಪೂರ್ತಿ ವರ್ಷ. ನ್ಯೂಜೆರ್ಸಿಯದು ಬೇರೆಯೇ ಜಾತಿ: ‘ಎಫ್‌ಎಂ’ ಆದಮೇಲೆ ಬರುವ ಎರಡಂಕಿ ಕೌಂಟಿಯ ಸಂಖ್ಯೆ. ಅಲ್ಲಿನ 21 ಕೌಂಟಿಗಳಿಗೆ ಅಕಾರಾದಿಯಲ್ಲಿ ನಂಬರ್ ಕೊಟ್ಟಿದ್ದಾರೆ. ನಮ್ಮವರು ತುಂಬಿರುವ ಎಡಿಸನ್ ಊರಿನ ಮಿಡಲ್‌ಸೆಕ್ಸ್ ಕೌಂಟಿಗೆ 12.

ಇಷ್ಟು ನೋಡಿಕೊಂಡು ಹುಡುಗನನ್ನೇ ನೇರವಾಗಿ ಕೇಳಿ. ಸಂಕೋಚ ಬೇಡ. ಮುಂದೆ ಮದುವೆ ನೋಂದಣಿಗೆ, ನಿಮ್ಮ ಮಗಳ ವೀಸಾಕ್ಕೆ, ಗ್ರೀನ್ ಕಾರ್ಡಿಗೆ, ಎಲ್ಲ ಕಡೆ ಹಿಂದಿನ ಮದುವೆ ಮುಗಿದ ಪುರಾವೆ ಕೇಳುತ್ತಾರೆ. ಆತ ಹೇಗೂ ತರಿಸಲೇಬೇಕಾದ ಕಾಗದ ಇದು. ‘ಡಿವೋರ್ಸ್ ಪೇಪರ್ ಕಳಿಸಿ’ ಎಂದರೆ ಮತ್ತೆ ಇನ್ನೊಂದು ಫೋಟೊ ಬರುತ್ತದೆ. ‘ಫೈನಲ್ ಡಿಕ್ರಿಯ ಎಲ್ಲ ಪುಟಗಳ ಸರ್ಟಿಫೈಡ್ ಕಾಪಿ, ಡಿಸ್ಟ್ರಿಕ್ಟ್ ಕ್ಲರ್ಕ್ ಮೊಹರಿನ ಸಮೇತ’ ಎಂದು ಕೇಳಿ. ನಿಜವಾಗಿ ಡಿವೋರ್ಸ್ ಆದವನಿಗೆ ಇದು ಕೆಲವೇ ಡಾಲರಿನ, ಕೆಲವೇ ದಿನಗಳ ಕೆಲಸ. ಹೆಂಡತಿಯ ಗುಟ್ಟು, ಗೌಪ್ಯ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದರೆ ನೀವೇ ತರಿಸುವ ಹೊತ್ತಾಯಿತು ಎಂದರ್ಥ.

ಈಗ ಎಲ್ಲಿಗೆ ಬರೆಯಬೇಕು ಎನ್ನುವುದು. ಅಮೆರಿಕದಲ್ಲಿ ವಿಚ್ಛೇದನ ರಾಜ್ಯದ ಕಾನೂನಿಗೆ ಸೇರಿದ ವಿಷಯ, ಅದನ್ನು ನಡೆಸುವುದು ಕೌಂಟಿ ಮಟ್ಟದ ಕೋರ್ಟು. ಇಡೀ ದೇಶಕ್ಕೆ ಒಂದೇ ಡಿವೋರ್ಸ್ ಪಟ್ಟಿ ಎಂಬುದಿಲ್ಲ. ಫೆಡರಲ್ ಕೋರ್ಟುಗಳ ಪೇಸರ್ ಎಂಬ ತಾಣದಲ್ಲಿ ಹುಡುಕಿ ‘ಅವನ ಹೆಸರೇ ಇಲ್ಲ’ ಎಂದು ಗಾಬರಿಯಾಗುವವರುಂಟು. ಅಲ್ಲಿ ಯಾರ ಡಿವೋರ್ಸೂ ಇರುವುದಿಲ್ಲ. ನಮ್ಮ ದೂತಾವಾಸದಲ್ಲೂ ಇರುವುದಿಲ್ಲ. ಅಮೆರಿಕದಲ್ಲಿ ಕೌಂಟಿಗಳು 3,100ಕ್ಕೂ ಹೆಚ್ಚು, ಟೆಕ್ಸಾಸ್ ಒಂದರಲ್ಲೇ 254. ಸರಿಯಾದ ಕೌಂಟಿ ಗೊತ್ತಾದರೆ ಮುಕ್ಕಾಲು ಕೆಲಸ ಆದಂತೆ.

ಮದುವೆ ಎಲ್ಲಿ ಆಯಿತು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಎಲ್ಲಿ ವಾಸವಿದ್ದರು ಎನ್ನುವುದೇ ಲೆಕ್ಕ. ಟೆಕ್ಸಾಸ್‌ನಲ್ಲಿ ಒಬ್ಬರಾದರೂ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ 90 ದಿನ ಇದ್ದಿರಬೇಕು. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಒಂದು ವರ್ಷದ ವಾಸ. ಹಾಗಾಗಿ 2019ರ ಹಿಂದುಮುಂದಿನ ಇಬ್ಬರ ವಿಳಾಸವೂ ನಿಮಗೆ ಬೇಕು. ಆಕೆ ನ್ಯೂಜೆರ್ಸಿಯಲ್ಲೇ ಉಳಿದು ಅಲ್ಲಿಂದಲೇ ಕೇಸು ಹಾಕಿದ್ದರೆ ಡಲ್ಲಾಸ್ ಇಡೀ ಜಾಲಾಡಿದರೂ ಏನೂ ಸಿಗದು.

‘ಡಲ್ಲಾಸ್’ ಎಂದು ನಮ್ಮವರು ಹೇಳುವ ಊರೂ ಒಂದೇ ಕೌಂಟಿಯಲ್ಲಿಲ್ಲ. ಅರ್ವಿಂಗ್‌ನಲ್ಲಿದ್ದರೆ ಡಲ್ಲಾಸ್ ಕೌಂಟಿ. ಪ್ಲೇನೊ ಬಹುಪಾಲು ಕಾಲಿನ್ ಕೌಂಟಿ, ಅದರ ಕೋರ್ಟು ಮೆಕಿನಿ ಊರಿನಲ್ಲಿದೆ. ಫ್ರಿಸ್ಕೊ ಊರಂತೂ ಕಾಲಿನ್ ಮತ್ತು ಡೆಂಟನ್ ಎರಡಕ್ಕೂ ಹಂಚಿಹೋಗಿದೆ, ಬೀದಿ ವಿಳಾಸ ಗೊತ್ತಿಲ್ಲದೆ ಹೇಳಲಾಗದು. ಫೋರ್ಟ್‌ವರ್ತ್ ಕಡೆಯಾದರೆ ಟ್ಯಾರೆಂಟ್. ಈ ನಾಲ್ಕನ್ನೂ ನೋಡಿಬಿಡುವುದು ಕ್ಷೇಮ. ಇನ್ನೊಂದು ವಿಷಯ: ಟೆಕ್ಸಾಸ್‌ನಲ್ಲಿ ‘ಕೌಂಟಿ ಕ್ಲರ್ಕ್’ ಮತ್ತು ‘ಡಿಸ್ಟ್ರಿಕ್ಟ್ ಕ್ಲರ್ಕ್’ ಎಂದು ಎರಡು ಕಚೇರಿ ಇರುತ್ತವೆ. ಮದುವೆ ಲೈಸೆನ್ಸ್, ಜಮೀನಿನ ಪತ್ರ ಮೊದಲನೆಯದರಲ್ಲಿ. ಡಿವೋರ್ಸ್ ಕಡತ ಎರಡನೆಯದರಲ್ಲಿ. ಹೆಸರು ನೋಡಿ ಮೊದಲನೆಯದಕ್ಕೆ ಬರೆದು ವಾರಗಟ್ಟಲೆ ಕಾಯಬೇಡಿ.

ಈ ಕೌಂಟಿಗಳ ತಾಣಗಳಲ್ಲಿ ಹೆಸರು ಕೊಟ್ಟು ಕೇಸು ಹುಡುಕುವ ಪುಟ ಇರುತ್ತದೆ, ಶಿವಮೊಗ್ಗದಲ್ಲಿ ಕೂತೇ ನೋಡಬಹುದು. ತೊಂದರೆ ಆಗುವುದು ನಮ್ಮ ಹೆಸರುಗಳಿಂದ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಸುವಾಗ ಕೆಲವರಿಗೆ ಊರಿನ ಹೆಸರೇ ಸರ್‌ನೇಮ್ ಆಗಿದೆ, ಕೆಲವರಿಗೆ ತಂದೆಯ ಹೆಸರು. ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಅಂದರೆ ಮೊದಲ ಹೆಸರು ತಿಳಿಯದು ಎಂದು. ಅದೇ ಹೆಸರಾಗಿ ಕೋರ್ಟಿನ ಸೂಚಿಯಲ್ಲಿ ಕೂತಿರುವುದೂ ಉಂಟು. ಆದ್ದರಿಂದ ಹುಡುಗನ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತ ಮೊದಲು ಕೇಳಿಟ್ಟುಕೊಳ್ಳಿ. ಸರ್‌ನೇಮ್ ಮತ್ತು ಹೆಸರನ್ನು ತಿರುಗಿಸಿ ಹಾಕಿ ನೋಡಿ. ಹೆಂಡತಿಯ ಹೆಸರಿನಲ್ಲೂ ಹುಡುಕಿ, ಅದರಲ್ಲೂ ಮದುವೆಗೆ ಮುಂಚಿನ ಹೆಸರಿನಲ್ಲಿ.

ಸಿಕ್ಕಿದ ಸಾಲನ್ನು ಎಚ್ಚರದಿಂದ ಓದಬೇಕು. ಟೆಕ್ಸಾಸ್‌ನಲ್ಲಿ ಡಿವೋರ್ಸ್ ಕೇಸಿಗೆ ‘ಇನ್ ದಿ ಮ್ಯಾಟರ್ ಆಫ್ ದಿ ಮ್ಯಾರೇಜ್ ಆಫ್’ ಎಂದು ಇಬ್ಬರ ಹೆಸರಿನ ಶೀರ್ಷಿಕೆ ಇರುತ್ತದೆ. ಅದರ ಮುಂದೆ ‘ಅಂಡ್ ಇನ್ ದಿ ಇಂಟರೆಸ್ಟ್ ಆಫ್’ ಎಂದು ಸೇರಿದ್ದರೆ ಅಪ್ರಾಪ್ತ ಮಗು ಇದೆ ಎಂದು ಅರ್ಥ. ‘ಮಕ್ಕಳಿಲ್ಲ’ ಎಂದು ಬ್ರೋಕರ್ ಹೇಳಿದ್ದರೆ ಇಲ್ಲೇ ಗೊತ್ತಾಗಿಬಿಡುತ್ತದೆ. ಇನ್ನು ಕೇಸಿನ ಸ್ಥಿತಿ. ‘ಡಿಸ್ಪೋಸ್ಡ್’ ಎಂದು ಕಂಡ ಕೂಡಲೇ ಡಿವೋರ್ಸ್ ಆಗಿದೆ ಎಂದು ತಿಳಿಯಬೇಡಿ. ಕಡತ ಮುಚ್ಚಿದೆ ಎಂದಷ್ಟೇ ಅದರ ಅರ್ಥ. ಅರ್ಜಿದಾರರೇ ವಾಪಸ್ ಪಡೆದರೆ ‘ನಾನ್‌ಸೂಟ್’, ಯಾರೂ ನಡೆಸದೆ ಬಿದ್ದುಹೋದರೆ ‘ಡಿಸ್ಮಿಸ್ಡ್ ಫಾರ್ ವಾಂಟ್ ಆಫ್ ಪ್ರಾಸಿಕ್ಯೂಷನ್’. ಹೀಗೆ ಮುಚ್ಚಿದ ಕಡತದಲ್ಲೂ ಆ ಇಬ್ಬರು ಇಂದಿಗೂ ಗಂಡ ಹೆಂಡತಿ. ‘ಫೈನಲ್ ಡಿಕ್ರಿ’ ಎಂಬ ಸಾಲು, ಅದರ ಮುಂದೆ ತಾರೀಖು ಇದೆಯೇ ನೋಡಿ.

ಯಾವ ಕೌಂಟಿಯಲ್ಲೂ ಸಿಗಲಿಲ್ಲ ಎಂದರೆ ರಾಜ್ಯಕ್ಕೆ ಬರೆಯಬಹುದು. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ಆರೋಗ್ಯ ಸೇವಾ ಇಲಾಖೆಯ ಜನನ ಮರಣ ವಿಭಾಗದಲ್ಲಿ 1968ರಿಂದೀಚಿನ ಡಿವೋರ್ಸ್‌ಗಳ ವರದಿ ಇರುತ್ತದೆ. ಅವರು 20 ಡಾಲರಿಗೆ ಒಂದು ‘ವೆರಿಫಿಕೇಷನ್ ಲೆಟರ್’ ಕೊಡುತ್ತಾರೆ. ಅದು ತೀರ್ಪಿನ ಬದಲಿಗೆ ನಡೆಯುವುದಿಲ್ಲ, ಆದರೆ ದಾಖಲಾಗಿದೆಯೇ, ಯಾವಾಗ, ಎಲ್ಲಿ ಎಂದು ತಿಳಿದು ಸರಿಯಾದ ಕೌಂಟಿಗೆ ಹೋಗಲು ದಾರಿ ತೋರಿಸುತ್ತದೆ. ನ್ಯೂಜೆರ್ಸಿಯಲ್ಲಿ ಆಗಿದ್ದರೆ ತೀರ್ಪಿನ ಪ್ರತಿಗೆ ಟ್ರೆಂಟನ್‌ನಲ್ಲಿರುವ ಸುಪೀರಿಯರ್ ಕೋರ್ಟ್ ಕ್ಲರ್ಕ್ ಕಚೇರಿಗೆ ಬರೆಯಬೇಕು. ಇದನ್ನು ಓದುವ ಬೇರೆಯವರ ಸಲುವಾಗಿ ಎರಡು ಮಾತು: ನ್ಯೂಯಾರ್ಕ್ ರಾಜ್ಯದಲ್ಲಿ ಡಿವೋರ್ಸ್ ಕಡತ ಗೌಪ್ಯ, ಗಂಡ, ಹೆಂಡತಿ ಅಥವಾ ಅವರ ವಕೀಲರಿಗಷ್ಟೇ ಕೊಡುತ್ತಾರೆ, ಹುಡುಗಿಯ ತಂದೆ ಎಷ್ಟು ಬೇಡಿದರೂ ಸಿಗದು. ಕ್ಯಾಲಿಫೋರ್ನಿಯಾದಲ್ಲಿ ಕಡತ ಸಾರ್ವಜನಿಕವೇ, ಆದರೆ ಕುಟುಂಬದ ಕೇಸಿನ ಕಾಗದಗಳನ್ನು ಹೊರಗಿನವರಿಗೆ ಅಂತರ್ಜಾಲದಲ್ಲಿ ತೋರಿಸುವುದಿಲ್ಲ, ಕೋರ್ಟಿಗೇ ಹೋಗಬೇಕು ಅಥವಾ ಅಂಚೆಯಲ್ಲಿ ಕೇಳಬೇಕು. ಅಲ್ಲಿನ ತೀರ್ಪಿನ ನಮೂನೆಗೆ ‘ಎಫ್‌ಎಲ್-180’ ಎಂದು ಹೆಸರು. ಅದರಲ್ಲಿ ತೀರ್ಪು ದಾಖಲಾದ ದಿನ ಬೇರೆ, ಮದುವೆ ಮುಗಿಯುವ ದಿನ ಬೇರೆ ಇರಬಹುದು. ಮರುಮದುವೆಗೆ ಲೆಕ್ಕಕ್ಕೆ ಬರುವುದು ಎರಡನೆಯದು.

ಕ್ಲರ್ಕಿಗೆ ಬರೆಯುವ ಪತ್ರ ಚಿಕ್ಕದಿರಲಿ. ಕಥೆ ಹೇಳಬೇಡಿ. ಇಬ್ಬರ ಪೂರ್ತಿ ಹೆಸರು, ಕೇಸ್ ನಂಬರ್, ಅದಿಲ್ಲದಿದ್ದರೆ ಸುಮಾರು ವರ್ಷ, ‘ಫೈನಲ್ ಡಿಕ್ರಿ ಆಫ್ ಡಿವೋರ್ಸ್‌ನ ಸರ್ಟಿಫೈಡ್ ಕಾಪಿ, ಎಲ್ಲ ಪುಟ, ಎರಡು ಪ್ರತಿ’ ಎಂಬ ಒಂದು ಸಾಲು, ನಿಮ್ಮ ವಿಳಾಸ ಮತ್ತು ಇಮೇಲ್. ಇಷ್ಟು ಸಾಕು. ಎಷ್ಟು ಪುಟ, ಎಷ್ಟು ಹಣ ಎಂದು ಅವರು ತಿಳಿಸುತ್ತಾರೆ. ಶುಲ್ಕ ಪುಟದ ಲೆಕ್ಕದಲ್ಲಿ, ಅದರ ಮೇಲೆ ದೃಢೀಕರಣದ ಹಣ. ಕಾರ್ಡಿನಲ್ಲಿ ಕಟ್ಟುವ ವ್ಯವಸ್ಥೆ ಇಲ್ಲದ ಕಚೇರಿಗೆ ಡಾಲರಿನ ಮನಿ ಆರ್ಡರ್ ಬೇಕಾಗುತ್ತದೆ, ನಮ್ಮ ಬ್ಯಾಂಕಿನ ಡಿಡಿ ನಡೆಯುವುದಿಲ್ಲ. ಅಲ್ಲಿ ನೆಂಟರೋ ಪರಿಚಯದವರೋ ಇದ್ದರೆ ಅವರ ಕೈಲಿ ಮಾಡಿಸುವುದೇ ಸಲೀಸು. ಅವರಿಗೆ ನೀವು ಅಧಿಕಾರಪತ್ರ ಕೊಡಬೇಕಾಗಿಲ್ಲ, ಕೌಂಟರಿಗೆ ಹೋಗಿ ನಂಬರ್ ಹೇಳಿದರಾಯಿತು. ‘ಯಾರ ಡಿವೋರ್ಸ್ ಬೇಕಾದರೂ ಐದು ನಿಮಿಷದಲ್ಲಿ’ ಎಂದು ಹೇಳುವ ಖಾಸಗಿ ತಾಣಗಳಿಗೆ ಮಾತ್ರ ದುಡ್ಡು ಸುರಿಯಬೇಡಿ. ಅವು ಮಾರುವುದು ಅಲ್ಲಿಲ್ಲಿ ಹೆಕ್ಕಿದ ಸಾಲುಗಳನ್ನು, ಕೋರ್ಟಿನ ಮೊಹರನ್ನಲ್ಲ.

ಇನ್ನು ಓದುವ ಕೆಲಸ.

1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ವೈ. ನರಸಿಂಹರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಕಥೆ ಅದು. 1975ರಲ್ಲಿ ತಿರುಪತಿಯಲ್ಲಿ ಮದುವೆ. ಆಮೇಲೆ ಗಂಡ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿಯ ಕೋರ್ಟಿನಲ್ಲಿ ಡಿವೋರ್ಸ್ ಪಡೆದು, ಇಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. ಮಿಸೌರಿಯ ಆ ತೀರ್ಪನ್ನು ಸುಪ್ರೀಂ ಕೋರ್ಟು ಮಾನ್ಯ ಮಾಡಲಿಲ್ಲ. ಮದುವೆ ಯಾವ ಕಾನೂನಿನಡಿ ಆಯಿತೋ ಆ ಕಾನೂನು ಒಪ್ಪುವ ನ್ಯಾಯಾಲಯದಲ್ಲಿ, ಒಪ್ಪುವ ಕಾರಣಕ್ಕೆ ಡಿವೋರ್ಸ್ ಆಗಿರಬೇಕು ಎಂದಿತು. ಜೊತೆಗೆ ವಿನಾಯಿತಿಗಳನ್ನೂ ಹೇಳಿತು. ನಿಮಗೆ ಮುಖ್ಯವಾದದ್ದು ಇದು: ಎದುರು ಪಕ್ಷದವರು ತಾವಾಗಿ ಒಪ್ಪಿದ್ದರೆ ವಿದೇಶದ ತೀರ್ಪು ಇಲ್ಲೂ ನಿಲ್ಲುತ್ತದೆ.

ಇದೇಕೆ ಮುಖ್ಯವೆಂದರೆ ಟೆಕ್ಸಾಸ್‌ನಲ್ಲಿ ಹೆಚ್ಚಿನ ಡಿವೋರ್ಸ್ ಆಗುವುದು ‘ಇನ್‌ಸಪೋರ್ಟಬಿಲಿಟಿ’ ಎಂಬ ಕಾರಣಕ್ಕೆ. ಯಾರ ತಪ್ಪೂ ಇಲ್ಲ, ಒಟ್ಟಿಗೆ ಬಾಳಲಾಗದು, ಅಷ್ಟೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಕಾರಣ ಇಲ್ಲ. ಇರುವುದು ಪರಸ್ಪರ ಒಪ್ಪಿಗೆಯ ವಿಚ್ಛೇದನ, 13ಬಿ ಕಲಮು. ಹಾಗಾಗಿ ಆ ಡಿಕ್ರಿಯಲ್ಲಿ ಮೊದಲು ಹುಡುಕಬೇಕಾದದ್ದು ಹೆಂಡತಿಯ ಒಪ್ಪಿಗೆಯ ಗುರುತು.

ಡಿಕ್ರಿಯ ಆರಂಭದಲ್ಲೇ ‘ಅಪಿಯರೆನ್ಸಸ್’ ಎಂಬ ಭಾಗ ಬರುತ್ತದೆ. ಯಾರು ಕೋರ್ಟಿಗೆ ಬಂದಿದ್ದರು, ಯಾರು ಬರಲಿಲ್ಲ ಎಂದು ಅಲ್ಲಿ ಬರೆದಿರುತ್ತಾರೆ. ಇಬ್ಬರೂ ಬಂದು, ಕೊನೆಯ ಪುಟದಲ್ಲಿ ‘ಒಪ್ಪಿದ್ದೇವೆ’ ಎಂದು ಇಬ್ಬರ ಸಹಿಯೂ ಇದ್ದರೆ, ಅದರಲ್ಲೂ ತಲೆಬರಹ ‘ಅಗ್ರೀಡ್ ಫೈನಲ್ ಡಿಕ್ರಿ’ ಎಂದಿದ್ದರೆ, ನೀವು ಬಹುಮಟ್ಟಿಗೆ ನೆಮ್ಮದಿಯಾಗಿರಬಹುದು. ಆಕೆ ‘ವೇವರ್’ ಬರೆದುಕೊಟ್ಟಿದ್ದಾಳೆ ಎಂದಿದ್ದರೆ, ನೋಟಿಸು ಬೇಡ ಎಂದು ಸಹಿ ಮಾಡಿದ್ದಾಳೆ ಎಂದರ್ಥ. ಡಿಕ್ರಿಗೂ ಆಕೆಯ ಸಹಿ ಇದೆಯೇ ನೋಡಿ, ಆ ವೇವರ್ ಪತ್ರದ ಪ್ರತಿಯನ್ನೂ ತರಿಸಿ. ‘ನೋಟಿಸು ತಲುಪಿದರೂ ಬರಲಿಲ್ಲ, ಡಿಫಾಲ್ಟ್’ ಎಂದಿದ್ದರೆ ನಿಲ್ಲಿ. ಗಂಡ ಅಲ್ಲಿ ಕೇಸು ಹಾಕಿ, ಹೆಂಡತಿ ಬೆಂಗಳೂರಿನ ತವರಿನಲ್ಲಿದ್ದಾಗ ಏಕಪಕ್ಷೀಯವಾಗಿ ಬಂದ ತೀರ್ಪು ಇಂಥದ್ದು. ಅದು ಟೆಕ್ಸಾಸ್‌ನಲ್ಲಿ ನಡೆಯುತ್ತದೆ. ಅದರ ಮೇಲೆ ನಂಬಿಕೆಯಿಟ್ಟು ಶಿವಮೊಗ್ಗದಲ್ಲಿ ಮಗಳ ಧಾರೆ ಎರೆದರೆ, ನಾಳೆ ಆ ಹೆಂಗಸು ಪ್ರಶ್ನಿಸಿದ ದಿನ ನಿಮ್ಮ ಮಗಳ ಮದುವೆಯೇ ಅನೂರ್ಜಿತವಾಗಬಹುದು. ದ್ವಿಪತ್ನಿತ್ವದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಲ್ಲಿದೆ.

ಹಾಗೆಂದು ಡಿಫಾಲ್ಟ್ ಆದ ಮಾತ್ರಕ್ಕೆ ಸಂಬಂಧ ಬಿಡಬೇಕೆಂದೇನಿಲ್ಲ. ಹುಡುಗ ಮೊದಲ ಹೆಂಡತಿಯ ಜೊತೆ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ 13ಬಿ ಅಡಿ ಅರ್ಜಿ ಹಾಕಬಹುದು, ಅಥವಾ ತನ್ನ ವೈವಾಹಿಕ ಸ್ಥಿತಿಯ ಬಗ್ಗೆ ಘೋಷಣೆ ಕೇಳಿ ದಾವೆ ಹೂಡಬಹುದು. ಅಮೆರಿಕವು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ದೇಶಗಳ ಪಟ್ಟಿಯಲ್ಲಿಲ್ಲ, ಆದ್ದರಿಂದ ಅಲ್ಲಿನ ಡಿಕ್ರಿಯನ್ನು ನೇರ ತಂದು ಇಲ್ಲಿ ಜಾರಿ ಮಾಡಿಸುವ ದಾರಿಯಿಲ್ಲ. ಇದೆಲ್ಲ ಮದುವೆಗೆ ಮುಂಚೆ ಆತ ಮುಗಿಸಿಕೊಳ್ಳಬೇಕಾದ ಕೆಲಸ, ‘ಆಮೇಲೆ ನೋಡೋಣ’ ಎನ್ನುವಂಥದ್ದಲ್ಲ. ಸ್ಥಳೀಯ ವಕೀಲರಿಗೆ ಡಿಕ್ರಿ ತೋರಿಸಿಯೇ ಮುಂದುವರಿಯಿರಿ.

ಡಿಕ್ರಿಯಲ್ಲಿ ತಾರೀಖುಗಳನ್ನೂ ಗುರುತು ಮಾಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿ ಕನಿಷ್ಠ 60 ದಿನ ಆಗದೆ ಸಾಮಾನ್ಯವಾಗಿ ಡಿವೋರ್ಸ್ ಕೊಡುವುದಿಲ್ಲ. ಮಗು ಇದ್ದರೆ ತಿಂಗಳಿಗೆ ಎಷ್ಟು ಕೊಡಬೇಕು, ಎಲ್ಲಿಯವರೆಗೆ, ಮಗು ಯಾವ ದಿನ ಯಾರ ಬಳಿ ಎಂದು ಪುಟಗಟ್ಟಲೆ ಇರುತ್ತದೆ. ನಿಮ್ಮ ಮಗಳು ಅದನ್ನು ಸ್ವತಃ ಓದಲಿ, ಅವಳ ಸಂಸಾರದ ಲೆಕ್ಕ ಅದರಲ್ಲಿದೆ. ಆಸ್ತಿ ಹಂಚಿಕೆಯ ಒಪ್ಪಂದವನ್ನು ಕೆಲವರು ಕೋರ್ಟಿನ ಕಡತಕ್ಕೆ ಸೇರಿಸದೆ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಡಿಕ್ರಿಯಲ್ಲಿ ಅಂಥ ಒಪ್ಪಂದದ ಉಲ್ಲೇಖವಷ್ಟೇ ಇದ್ದರೆ ಕ್ಲರ್ಕ್ ಬಳಿ ಅದು ಸಿಗದು, ಹುಡುಗನನ್ನೇ ಕೇಳಬೇಕು.

ಕೊನೆಗೆ ಅಪಾಸ್ಟಿಲ್, ಅಂದರೆ ಬೇರೆ ದೇಶದಲ್ಲಿ ತೋರಿಸುವ ಕಾಗದಕ್ಕೆ ಹಾಕಿಸುವ ಸರ್ಕಾರಿ ದೃಢೀಕರಣ. ನಾನು ಹೇಳಿದ ಸುಪ್ರೀಂ ಕೋರ್ಟ್ ಪ್ರಕರಣದಲ್ಲಿ ಮಿಸೌರಿಯ ಕ್ಲರ್ಕ್ ದೃಢೀಕರಿಸಿದ ಪ್ರತಿಯೇ ಇತ್ತು. ಆದರೂ ಅಲ್ಲಿನ ನಮ್ಮ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲ ಎಂದು ಅದನ್ನು ಸಾಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಅಪಾಸ್ಟಿಲ್ ಕುರಿತ ಅಂತರರಾಷ್ಟ್ರೀಯ ಹೇಗ್ ಒಪ್ಪಂದ 2005ರ ಜುಲೈ 14ರಿಂದ ಭಾರತಕ್ಕೂ ಅನ್ವಯವಾದ ಮೇಲೆ ಅಮೆರಿಕದ ಕಾಗದಗಳಿಗೆ ಅಪಾಸ್ಟಿಲ್ ಹಾಕಿಸುವುದು ರೂಢಿಯಾಗಿದೆ. ಅದನ್ನು ಸಾಮಾನ್ಯವಾಗಿ ಕೊಡುವುದು ತೀರ್ಪು ಬಂದ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಟೆಕ್ಸಾಸ್‌ನ ಕಾಗದಕ್ಕೆ ಆಸ್ಟಿನ್, 15 ಡಾಲರ್. ಅಪಾಸ್ಟಿಲ್ ಹೇಳುವುದು ಕ್ಲರ್ಕಿನ ಸಹಿ ಮೊಹರು ನಿಜ ಎಂದಷ್ಟೇ. ತೀರ್ಪು ಭಾರತದಲ್ಲಿ ನಡೆಯುತ್ತದೆ ಎಂದು ಅದು ಹೇಳುವುದಿಲ್ಲ. ಕ್ಲರ್ಕ್ ಕೊಟ್ಟ ಎರಡು ಪ್ರತಿಗಳಲ್ಲಿ ಒಂದನ್ನು ಅಲ್ಲಿಂದಲೇ ಆಸ್ಟಿನ್‌ಗೆ ಕಳಿಸಿ ಅಪಾಸ್ಟಿಲ್ ಹಾಕಿಸಿಯೇ ಊರಿಗೆ ತರಿಸಿ. ಬರೀ ಪ್ರತಿ ಇಲ್ಲಿಗೆ ಬಂದಮೇಲೆ ಮತ್ತೆ ಅದಕ್ಕಾಗಿ ವಾಪಸ್ ಕಳಿಸುವುದೆಂದರೆ ಕೊರಿಯರ್ ಖರ್ಚೂ ದಂಡ, ಮುಹೂರ್ತಕ್ಕೆ ಮುಂಚಿನ ವಾರಗಳೂ ಹೋಗುತ್ತವೆ.